ಕಪ್ಪುಕುಳಿಗೆ ಬಿದ್ದವರಿಗೆ ಏನಾಗುತ್ತದೆ? ಉತ್ತರ ಕುಳಿಯ ತೂಕದಲ್ಲಿದೆ

ಕಪ್ಪುಕುಳಿಗೆ ಮನುಷ್ಯರು ಬಿದ್ದರೆ ಏನಾಗುತ್ತದೆ ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಬಹುಮಟ್ಟಿಗೆ ಒಂದೇ: ಮೈ ಉದ್ದುದ್ದಕ್ಕೆ ಜಗ್ಗಿ, ಎಳೆಯಾಗಿ, ಹರಿದುಹೋಗುತ್ತದೆ. ಮಾತು ಸುಳ್ಳಲ್ಲ. ಆದರೆ ಅದು ಎಲ್ಲಿ ಆಗುತ್ತದೆ, ಅಂಚಿನ ಹೊರಗೋ ಒಳಗೋ, ಅಷ್ಟರಲ್ಲಿ ಬಿದ್ದವರಿಗೆ ಎಷ್ಟು ಹೊತ್ತು ಸಿಕ್ಕಿರುತ್ತದೆ ಎಂಬುದನ್ನು ಬಿಟ್ಟರೆ ವಿಷಯದ ತಿರುಳೇ ಕೈತಪ್ಪುತ್ತದೆ. ನೆನೆದರೆ ಎದೆ ನಡುಗಿಸುವ ದೈತ್ಯ ಕುಳಿಗಳ ಅಂಚನ್ನು ಕೂದಲೂ ಕೊಂಕದಂತೆ ದಾಟಬಹುದು. ಒಂದು ಮಹಾನಗರದಷ್ಟೇ ಅಗಲವಿರುವ ಪುಟ್ಟ ಕುಳಿ ಮಾತ್ರ ಸಾವಿರಾರು ಕಿಲೋಮೀಟರ್ ದೂರದಿಂದಲೇ ಸೀಳಲು ತೊಡಗುತ್ತದೆ. ಈ ತಲೆಕೆಳಗಾದ ಲೆಕ್ಕ ಅರ್ಥವಾದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಪ್ರಶ್ನೆಗೆ ಈಚೆಗೆ ಮತ್ತೆ ಕಾವು ಬಂದದ್ದು 2024ರ ಮೇ ತಿಂಗಳಲ್ಲಿ. ನಾಸಾದ ಗೊಡ್ಡಾರ್ಡ್ ಕೇಂದ್ರದ ಖಭೌತವಿಜ್ಞಾನಿ ಜೆರೆಮಿ ಷ್ನಿಟ್‌ಮನ್ ಸೂಪರ್‌ಕಂಪ್ಯೂಟರ್‌ನಲ್ಲಿ ಲೆಕ್ಕಹಾಕಿ ಒಂದು ದೃಶ್ಯಾವಳಿ ಸಿದ್ಧಪಡಿಸಿದರು. ನಮ್ಮ ಕ್ಷೀರಪಥದ ನಡುವೆ ಇರುವಂಥದೇ, 43 ಲಕ್ಷ ಸೂರ್ಯರ ತೂಕದ ಕಪ್ಪುಕುಳಿಯೊಂದಕ್ಕೆ ಕ್ಯಾಮೆರಾ ಬೀಳುವ ದೃಶ್ಯ ಅದು. ಅಂಚು ದಾಟಿದ 12.8 ಸೆಕೆಂಡಿಗೆ ಕ್ಯಾಮೆರಾ ಛಿದ್ರ. ಇನ್ನೊಂದು ಆವೃತ್ತಿಯಲ್ಲಿ ಕ್ಯಾಮೆರಾ ಅಂಚಿನ ಹತ್ತಿರ ಸುಳಿದು ವಾಪಸಾಗುತ್ತದೆ. ಆ ಆರು ಗಂಟೆಯ ಸುತ್ತಾಟ ಮುಗಿಸಿ ಬಂದವರು ದೂರದ ನೌಕೆಯಲ್ಲಿ ಕಾದು ಕುಳಿತವರಿಗಿಂತ 36 ನಿಮಿಷ ಕಿರಿಯರಾಗಿರುತ್ತಾರೆ. ಇದು ಕಲಾವಿದರ ಊಹೆಯಲ್ಲ, ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಹೆಜ್ಜೆಹೆಜ್ಜೆಗೂ ಬಿಡಿಸಿ ಪಡೆದ ಚಿತ್ರ. ನೋಡಿದವರಲ್ಲಿ ಮೂಡುವ ಸಹಜ ಪ್ರಶ್ನೆ: ಹನ್ನೆರಡು ಮುಕ್ಕಾಲು ಸೆಕೆಂಡು ಆ ಒಳಗೆ ಏನೂ ಆಗದೆ ಉಳಿದದ್ದು ಹೇಗೆ?

ಅಂಚು ಎಂದರೆ ಏನು ಎಂಬಲ್ಲಿಂದ ಹೊರಡೋಣ. 1915ರ ಕೊನೆಗೆ ಐನ್‌ಸ್ಟೈನ್ ತಮ್ಮ ಗುರುತ್ವ ಸಿದ್ಧಾಂತವನ್ನು ಪ್ರಕಟಿಸಿದ ಕೆಲವೇ ವಾರಗಳಲ್ಲಿ, ಮೊದಲ ಮಹಾಯುದ್ಧದ ರಣರಂಗದಲ್ಲಿದ್ದ ಜರ್ಮನ್ ಖಗೋಳಜ್ಞ ಕಾರ್ಲ್ ಶ್ವಾರ್ಜ್‌ಶೀಲ್ಡ್ ಆ ಸಮೀಕರಣಗಳಿಗೆ ಮೊದಲ ನಿಖರ ಪರಿಹಾರ ಕಂಡುಹಿಡಿದರು. ಮರುವರ್ಷ ಮೇ ತಿಂಗಳಲ್ಲಿ ತೀರಿಯೂಹೋದರು. ಅವರ ಪರಿಹಾರದಲ್ಲಿ ಅಡಗಿದ್ದ ಒಂದು ತ್ರಿಜ್ಯವೇ ಇಂದು ನಾವು ಘಟನಾ ದಿಗಂತ ಎನ್ನುವ ಗೆರೆ. ಅದರ ಒಳಗಿನಿಂದ ಬೆಳಕೂ ಹೊರಬರಲಾರದು. ಸೂರ್ಯನ ಅಷ್ಟೂ ದ್ರವ್ಯವನ್ನು ಅದುಮಿ ಕಪ್ಪುಕುಳಿಯಾಗಿಸಿದರೆ ಈ ತ್ರಿಜ್ಯ 3 ಕಿಲೋಮೀಟರ್, ಭೂಮಿಯನ್ನು ಅದುಮಿದರೆ 9 ಮಿಲಿಮೀಟರ್. ದ್ರವ್ಯ ಎಷ್ಟು ಪಟ್ಟು ಹೆಚ್ಚಿದರೆ ತ್ರಿಜ್ಯವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಹತ್ತು ಸೂರ್ಯರ ತೂಕದ ಕುಳಿಗೆ 30 ಕಿಲೋಮೀಟರ್. ಕ್ಷೀರಪಥದ ನಡುವಿನ ಸ್ಯಾಜಿಟೇರಿಯಸ್ ಎ-ಸ್ಟಾರ್‌ಗೆ ಸುಮಾರು 1.27 ಕೋಟಿ ಕಿಲೋಮೀಟರ್. ಎಂ87 ಗೆಲಾಕ್ಸಿಯಲ್ಲಿರುವ, 650 ಕೋಟಿ ಸೂರ್ಯರ ತೂಕದ ದೈತ್ಯನಿಗೆ ಸುಮಾರು 1,900 ಕೋಟಿ ಕಿಲೋಮೀಟರ್. ಸೂರ್ಯನಿಂದ ನೆಪ್ಚೂನ್ ಇರುವ ದೂರದ ನಾಲ್ಕು ಪಟ್ಟಿಗೂ ಹೆಚ್ಚು.

ಈ ಅಂಚಿನಲ್ಲಿ ಗೋಡೆಯಿಲ್ಲ, ನೆಲವಿಲ್ಲ, ಪರದೆಯೂ ಇಲ್ಲ. ಅದು ಖಾಲಿ ಜಾಗದಲ್ಲಿ ಎಳೆದ ಗೆರೆ. ದಾಟಿದರೆ ಮರಳುವ ದಾರಿ ಮುಚ್ಚುತ್ತದೆ, ಅಷ್ಟೆ.

ಕಪ್ಪುಕುಳಿ ಸುತ್ತಲಿನದನ್ನೆಲ್ಲ ಹೀರಿಕೊಳ್ಳುತ್ತದೆ ಎಂಬ ಇನ್ನೊಂದು ನಂಬಿಕೆ ಬಲವಾಗಿ ಬೇರೂರಿದೆ. ಅದನ್ನೂ ಇಲ್ಲೇ ಬಿಡಿಸಿಬಿಡುವುದು ಒಳ್ಳೆಯದು. ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೆ ಭೂಮಿ ಕತ್ತಲಲ್ಲಿ ಹೆಪ್ಪುಗಟ್ಟುತ್ತದೆ ನಿಜ, ಆದರೆ ಅದರ ಕಕ್ಷೆ ಒಂದಿಷ್ಟೂ ಕದಲುವುದಿಲ್ಲ. ಎಸ್2 ಎಂಬ ನಕ್ಷತ್ರ ಸ್ಯಾಜಿಟೇರಿಯಸ್ ಎ-ಸ್ಟಾರ್ ಅನ್ನು ಹದಿನಾರು ವರ್ಷಕ್ಕೊಮ್ಮೆ ಸುತ್ತುತ್ತಲೇ ಇದೆ. 2018ರ ಮೇ ತಿಂಗಳಲ್ಲಿ ಅದು ಸೂರ್ಯ-ಭೂಮಿ ಅಂತರದ ಸುಮಾರು 120 ಪಟ್ಟು ದೂರಕ್ಕೆ ಬಂದು, ಸೆಕೆಂಡಿಗೆ 7,700 ಕಿಲೋಮೀಟರ್ ವೇಗದಲ್ಲಿ ತಿರುಗಿ, ಹೊರಟುಹೋಯಿತು. ಇಂಥ ನಕ್ಷತ್ರಗಳ ಓಟವನ್ನು ದಶಕಗಟ್ಟಲೆ ಅಳೆದು ಆ ಕುಳಿಯನ್ನು ತೂಗಿದ್ದಕ್ಕೇ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಘೆಜ್ 2020ರ ನೊಬೆಲ್ ಪಾಲು ಪಡೆದರು. ಕುಳಿಗೆ ಬೀಳಬೇಕೆಂದರೆ ಅದರತ್ತ ಗುರಿಯಿಟ್ಟೇ ಹೋಗಬೇಕು, ಇಲ್ಲವೇ ದಿಗಂತದ ತ್ರಿಜ್ಯದ ಮೂರು ಪಟ್ಟಿಗಿಂತ ಒಳಗೆ ನುಸುಳಬೇಕು. ಸುತ್ತದೆ ನಿಂತ ಕುಳಿಯಾದರೆ ಅದಕ್ಕಿಂತ ಹತ್ತಿರ ನೆಲೆ ನಿಲ್ಲುವ ಕಕ್ಷೆಯೇ ಇಲ್ಲ.

ಹೋಗುವುದಾದರೂ ಎಲ್ಲಿಗೆ? ನಮಗೆ ಗೊತ್ತಿರುವಂತೆ ಎಲ್ಲಕ್ಕಿಂತ ಹತ್ತಿರದ ಕಪ್ಪುಕುಳಿ 2022ರಲ್ಲಿ ಪತ್ತೆಯಾದ ಗಾಯಾ ಬಿಎಚ್1. ದೂರ ಸುಮಾರು 1,560 ಜ್ಯೋತಿರ್ವರ್ಷ. ಸೆಕೆಂಡಿಗೆ 17 ಕಿಲೋಮೀಟರ್ ಸಾಗುವ ವಾಯೇಜರ್-1ರ ವೇಗದಲ್ಲಿ ಹೊರಟರೆ ಎರಡೂಮುಕ್ಕಾಲು ಕೋಟಿ ವರ್ಷ ಬೇಕು. ಹಾಗಾಗಿ ಇಲ್ಲಿಂದ ಮುಂದಿನದು ಲೆಕ್ಕದ ಯಾನ. ಯಾತ್ರಿಯೊಬ್ಬಳು ಬಹುದೂರದಿಂದ, ಎಂಜಿನ್ ಆರಿಸಿ, ತಾನಾಗಿ ಬೀಳುತ್ತಿದ್ದಾಳೆ ಎಂದು ಇಟ್ಟುಕೊಳ್ಳೋಣ. ಆಕೆಯ ಎತ್ತರ 1.7 ಮೀಟರ್, ತೂಕ 70 ಕಿಲೋ, ಪಾದ ಕುಳಿಯ ಕಡೆಗೆ.

ಒಂದು ಅಪಾಯವನ್ನು ಮೊದಲೇ ಪಕ್ಕಕ್ಕಿಡಬೇಕು. ಸುತ್ತ ಅನಿಲ ತುಂಬಿದ ಕುಳಿಯಾದರೆ ಗುರುತ್ವಕ್ಕೆ ಕೆಲಸವೇ ಉಳಿಯುವುದಿಲ್ಲ. ಒಳಕ್ಕೆ ಸುರುಳಿ ಸುತ್ತುತ್ತ ಬೀಳುವ ಅನಿಲ ತಿಕ್ಕಾಟದಲ್ಲಿ ಲಕ್ಷಾಂತರ ಡಿಗ್ರಿ ಕಾದು ಎಕ್ಸ್-ಕಿರಣ ಉಗುಳುತ್ತದೆ. ಆಕಾಶದಲ್ಲಿ ಮೊದಲು ಕಣ್ಣಿಗೆ ಬಿದ್ದ ಕಪ್ಪುಕುಳಿ ಸಿಗ್ನಸ್ ಎಕ್ಸ್-1 ಅನ್ನು 1964ರಲ್ಲಿ ಗುರುತಿಸಿದ್ದೇ ಈ ಕಿರಣಗಳಿಂದ. ಅಂಥಲ್ಲಿ ಯಾತ್ರಿ ದಿಗಂತದ ಹತ್ತಿರ ಸುಳಿಯುವುದಕ್ಕೆ ಬಹಳ ಮೊದಲೇ ವಿಕಿರಣಕ್ಕೆ ಬಲಿಯಾಗುತ್ತಾಳೆ. ಆದ್ದರಿಂದ ಅನಿಲವಿಲ್ಲದ, ಸದ್ದಿಲ್ಲದೆ ಕುಳಿತ ಕುಳಿಯನ್ನೇ ಆರಿಸಿಕೊಳ್ಳುತ್ತೇನೆ.

ಜಗ್ಗುವುದು ಬಲವಲ್ಲ, ಬಲದ ವ್ಯತ್ಯಾಸ

ತಾನಾಗಿ ಬೀಳುವವರಿಗೆ ತೂಕವಿರುವುದಿಲ್ಲ. ಗುರುತ್ವ ಎಷ್ಟೇ ಪ್ರಬಲವಾಗಿರಲಿ, ಅದು ಮೈಯ ಅಣುಅಣುವನ್ನೂ ಒಂದೇ ಸಮ ಎಳೆದರೆ ಯಾತ್ರಿಗೆ ಏನೂ ಅನ್ನಿಸದು. 1907ರಲ್ಲಿ ಐನ್‌ಸ್ಟೈನ್‌ಗೆ ಹೊಳೆದ ಈ ವಿಚಾರವೇ ಮುಂದೆ ಅವರ ಇಡೀ ಸಿದ್ಧಾಂತದ ತಳಪಾಯವಾಯಿತು. ಕೊಲ್ಲುವುದು ಪಾದಕ್ಕೂ ತಲೆಗೂ ಇರುವ ಸೆಳೆತದ ವ್ಯತ್ಯಾಸ. ಪಾದ ಕುಳಿಗೆ 1.7 ಮೀಟರ್ ಹತ್ತಿರ, ಆದ್ದರಿಂದ ಅದರ ಮೇಲೆ ಸೆಳೆತ ತುಸು ಜಾಸ್ತಿ. ಚಂದ್ರ ನಮ್ಮ ಕಡಲಲ್ಲಿ ಉಬ್ಬರವಿಳಿತ ಎಬ್ಬಿಸುವುದೂ ಇದೇ ವ್ಯತ್ಯಾಸದಿಂದ. ಹೀಗಾಗಿ ಇದಕ್ಕೆ ಉಬ್ಬರವಿಳಿತದ ಬಲ ಎಂದೇ ಹೆಸರು. ಇದು ಉದ್ದಕ್ಕೆ ಜಗ್ಗುತ್ತದೆ, ಅದರ ಅರ್ಧದಷ್ಟು ಬಲದಿಂದ ಅಡ್ಡಕ್ಕೆ ಅಮುಕುತ್ತದೆ. ವಿಜ್ಞಾನಿಗಳು ಸ್ಪಾಗೆಟಿಫಿಕೇಷನ್ ಎನ್ನುವುದು ಈ ಎರಡೂ ಸೇರಿದ್ದಕ್ಕೆ.

ಮುಖ್ಯ ಮಾತು ಇಲ್ಲಿದೆ. ಉಬ್ಬರವಿಳಿತದ ಬಲ ಕುಳಿಯ ದ್ರವ್ಯಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಆದರೆ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ದ್ರವ್ಯ ಹತ್ತು ಪಟ್ಟಾದರೆ ದಿಗಂತವೂ ನಡುವಿನಿಂದ ಹತ್ತು ಪಟ್ಟು ದೂರ ಸರಿಯುತ್ತದಲ್ಲ? ಹತ್ತರ ಘನ ಸಾವಿರ. ಲೆಕ್ಕ ಕೂಡಿಸಿ ಕಳೆದರೆ, ಹತ್ತು ಪಟ್ಟು ತೂಕದ ಕುಳಿಯ ಅಂಚಿನಲ್ಲಿ ಜಗ್ಗಾಟ ನೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಕುಳಿ ದೊಡ್ಡದಾದಷ್ಟೂ ಅಂಚು ಸೌಮ್ಯ.

ಹತ್ತು ಸೂರ್ಯರ ತೂಕದ ಕುಳಿಯನ್ನು ತೆಗೆದುಕೊಳ್ಳಿ. ಅದರಿಂದ ಸುಮಾರು 3,500 ಕಿಲೋಮೀಟರ್ ದೂರದಲ್ಲಿರುವಾಗಲೇ ಯಾತ್ರಿಯ ತಲೆಗೂ ಪಾದಕ್ಕೂ ಇರುವ ಸೆಳೆತದ ಅಂತರ ಭೂಮಿಯ ಗುರುತ್ವದ ಹತ್ತು ಪಟ್ಟು ತಲುಪುತ್ತದೆ. ಆಗ ಆಕೆಯ ಸೊಂಟದ ಮೇಲೆ ಬೀಳುವ ಎಳೆತ ಸುಮಾರು 90 ಕಿಲೋ ಭಾರಕ್ಕೆ ಸಮ. ನೋಯುತ್ತದೆ, ಆದರೆ ಮೈ ತಡೆದುಕೊಳ್ಳುತ್ತದೆ. 1,600 ಕಿಲೋಮೀಟರ್ ಹತ್ತಿರ ಬರುವಾಗ ಅಂತರ ನೂರು ಪಟ್ಟು, ಸೊಂಟದ ಮೇಲೆ 900 ಕಿಲೋ. ಕೀಲು, ಸ್ನಾಯು, ಬೆನ್ನುಹುರಿ ಯಾವುದೂ ಇದನ್ನು ತಾಳುವುದಿಲ್ಲ. ದಿಗಂತ ಇನ್ನೂ ದೂರದಲ್ಲೇ ಇದೆ. ಅಲ್ಲಿಗೆ ತಲುಪುವಷ್ಟರಲ್ಲಿ ಅಂತರ ಭೂಮಿಯ ಗುರುತ್ವದ ಸುಮಾರು ಎರಡು ಕೋಟಿ ಪಟ್ಟಾಗಿರುತ್ತದೆ. ಆ ಗೆರೆಯನ್ನು ದಾಟುವುದು ಯಾತ್ರಿಯಲ್ಲ, ಪರಮಾಣುಗಳ ಸಪೂರ ಧಾರೆ.

ಈಗ ಸ್ಯಾಜಿಟೇರಿಯಸ್ ಎ-ಸ್ಟಾರ್‌ಗೆ ಬನ್ನಿ. ಅದರ ದಿಗಂತದಲ್ಲಿ ತಲೆಗೂ ಪಾದಕ್ಕೂ ಇರುವ ಅಂತರ ಭೂಮಿಯ ಗುರುತ್ವದ ಹತ್ತು ಸಾವಿರದಲ್ಲಿ ಒಂದು ಭಾಗ. ಮೈಗೆ ತಿಳಿಯುವ ಪ್ರಮಾಣವೇ ಅಲ್ಲ. ಜಗ್ಗಾಟ ಹತ್ತು ಪಟ್ಟಿನ ಮಟ್ಟ ಮುಟ್ಟುವುದು ನಡುವಿನಿಂದ ಸುಮಾರು 2.7 ಲಕ್ಷ ಕಿಲೋಮೀಟರ್ ದೂರದಲ್ಲಿ, ಅಂದರೆ ದಿಗಂತದಿಂದ ಒಂದು ಕೋಟಿ ಇಪ್ಪತ್ತು ಲಕ್ಷ ಕಿಲೋಮೀಟರಿಗೂ ಹೆಚ್ಚು ಒಳಗೆ. ಬಹುದೂರದಿಂದ ತಾನಾಗಿ ಬಿದ್ದ ಯಾತ್ರಿಗೆ ಅಂಚಿನಿಂದ ಕೊನೆಯವರೆಗೆ ಸುಮಾರು 28 ಸೆಕೆಂಡು ಸಿಗುತ್ತದೆ. ನಾಸಾದ ಕ್ಯಾಮೆರಾ ಹಿಡಿದ ಹಾದಿ ಬೇರೆ, ಆದ್ದರಿಂದ ಅದಕ್ಕೆ ಸಿಕ್ಕ ಹೊತ್ತೂ ಬೇರೆ. ಎಂ87ರ ದೈತ್ಯನಲ್ಲಾದರೆ ಹೆಚ್ಚುಕಡಿಮೆ 12 ಗಂಟೆ. ಹಿಂದಿರುಗುವ ದಾರಿ ಮುಚ್ಚಿದ ಮೇಲೂ ಅರ್ಧ ದಿನ ಆರಾಮವಾಗಿ ಉಸಿರಾಡುತ್ತ, ಹೊರಗಿನ ನಕ್ಷತ್ರಗಳನ್ನು ನೋಡುತ್ತ ಇರಬಹುದು.

ಈ ಲೆಕ್ಕದಲ್ಲಿ ನನ್ನನ್ನು ಎಲ್ಲಕ್ಕಿಂತ ಬೆರಗಾಗಿಸುವುದು ಇನ್ನೊಂದು ಸಂಗತಿ. ಜಗ್ಗಾಟ ಹತ್ತು ಪಟ್ಟಿನ ಮಟ್ಟ ಮುಟ್ಟಿದ ಕ್ಷಣದಿಂದ ಎಲ್ಲ ಮುಗಿಯುವವರೆಗೆ ಎಷ್ಟು ಹೊತ್ತು ಎಂದು ಗಣಿಸಿದರೆ ಕುಳಿಯ ದ್ರವ್ಯ ಸಮೀಕರಣದಿಂದ ಪೂರ್ತಿ ಕಳಚಿಬೀಳುತ್ತದೆ. ಹತ್ತು ಸೂರ್ಯರ ಕುಳಿಯಿರಲಿ, 650 ಕೋಟಿ ಸೂರ್ಯರದಿರಲಿ, ಆ ಹೊತ್ತು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತುಸು ಕಡಿಮೆ. ರೆಪ್ಪೆ ಒಮ್ಮೆ ಬಡಿಯುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕಾದೀತು. ಪಾದದ ನೋವು ನರಗಳ ಮೂಲಕ ಮಿದುಳಿಗೆ ತಲುಪಿ ಅರಿವಾಗಿ ಮೂಡುವಷ್ಟರಲ್ಲಿ ಅದನ್ನು ಅರಿಯುವ ಮಿದುಳೇ ಇರುವುದಿಲ್ಲ. ಎಳೆಯಾಗಿ ಹರಿಯುವ ಸಾವು ದೀರ್ಘ ಯಾತನೆ ಎಂಬ ಜನಪ್ರಿಯ ಚಿತ್ರಣಕ್ಕೆ ಆಧಾರವಿಲ್ಲ. ಕುಳಿಯ ಗಾತ್ರ ನಿರ್ಧರಿಸುವುದು ಆ ಹತ್ತನೇ ಒಂದು ಸೆಕೆಂಡು ಎಲ್ಲಿ ಬಂದೆರಗುತ್ತದೆ ಎಂಬುದನ್ನು ಮಾತ್ರ.

ಮನುಷ್ಯರು ಬಿದ್ದದ್ದನ್ನು ಯಾರೂ ಕಂಡಿಲ್ಲ, ನಕ್ಷತ್ರಗಳು ಬಿದ್ದದ್ದನ್ನು ಕಂಡಿದ್ದೇವೆ. 2019ರಲ್ಲಿ ಪತ್ತೆಯಾದ ಒಂದು ಘಟನೆ ಸುಮಾರು 21.5 ಕೋಟಿ ಜ್ಯೋತಿರ್ವರ್ಷ ದೂರದ್ದು. ಅಲ್ಲಿ ಸೂರ್ಯನಷ್ಟೇ ತೂಕದ ನಕ್ಷತ್ರವೊಂದು ಹತ್ತು ಲಕ್ಷ ಸೂರ್ಯರ ತೂಕದ ಕುಳಿಯ ತೀರಾ ಹತ್ತಿರ ಹೋಗಿ ಹರಿದು ಎಳೆಯಾಯಿತು, ಅರ್ಧದಷ್ಟು ದ್ರವ್ಯ ಕಳೆದುಕೊಂಡಿತು. ಆ ಬೆಳಕಿನ ಏರಿಳಿತವನ್ನು ಖಗೋಳಜ್ಞರು ತಿಂಗಳುಗಟ್ಟಲೆ ಹಿಂಬಾಲಿಸಿದರು. ಇಲ್ಲೂ ಅದೇ ನಿಯಮ: ಕುಳಿಯ ತೂಕ ಹತ್ತು ಕೋಟಿ ಸೂರ್ಯರ ಆಸುಪಾಸನ್ನು ಮೀರಿದರೆ, ಸೂರ್ಯನಂಥ ನಕ್ಷತ್ರ ಹರಿಯದೆ ಇಡಿಯಾಗಿಯೇ ದಿಗಂತ ದಾಟುತ್ತದೆ. ಬೆಳಕಿನ ಸ್ಫೋಟವೂ ಕಾಣುವುದಿಲ್ಲ.

ಹೊರಗಿನವರಿಗೆ ಕಾಣುವುದು, ಬೀಳುವವರಿಗೆ ಕಾಣುವುದು

ದೂರದ ನೌಕೆಯಲ್ಲಿ ಉಳಿದವರು ನೋಡುವ ಕಥೆ ಬೇರೆಯೇ. ಯಾತ್ರಿ ದಿಗಂತಕ್ಕೆ ಹತ್ತಿರವಾದಂತೆ ಆಕೆಯ ಗಡಿಯಾರ ನಿಧಾನವಾಗುತ್ತ ಹೋಗುವುದು ಅವರಿಗೆ ಕಾಣುತ್ತದೆ. ಆಕೆ ದಾಟಿದ ಕ್ಷಣ ಮಾತ್ರ ಎಂದೂ ಕಾಣುವುದಿಲ್ಲ, ಏಕೆಂದರೆ ಆ ಕ್ಷಣದ ಬೆಳಕು ಹೊರಗೆ ಬರುವುದೇ ಇಲ್ಲ. ಇದರಿಂದಲೇ ಆಕೆಯ ಬಿಂಬ ದಿಗಂತದ ಮೇಲೆ ಶಾಶ್ವತವಾಗಿ ನಿಂತುಬಿಡುತ್ತದೆ ಎಂಬ ಮಾತು ಹುಟ್ಟಿದೆ. ಗಣಿತದಲ್ಲಿ ಅದು ಸರಿ, ಕಣ್ಣಿಗೆ ಮಾತ್ರ ಹಾಗಿರುವುದಿಲ್ಲ. ಹೊರಬರುವ ಬೆಳಕಿನ ತರಂಗಾಂತರ ಹಿಗ್ಗುತ್ತ ಹೋಗುತ್ತದೆ. ಸ್ಯಾಜಿಟೇರಿಯಸ್ ಎ-ಸ್ಟಾರ್ ಗಾತ್ರದ ಕುಳಿಯಾದರೆ ಕೊನೆಕೊನೆಗೆ ಸರಿಸುಮಾರು ನಿಮಿಷಕ್ಕೊಮ್ಮೆ ಇಮ್ಮಡಿ. ಹಸಿರು ಕೆಂಪಾಗಿ, ಕೆಂಪು ಕಣ್ಣಿಗೆ ಕಾಣದ ಅವಕೆಂಪಿಗೆ ಜಾರಿ, ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಅದು ಅರ್ಧ ಮೀಟರ್ ಉದ್ದದ ರೇಡಿಯೋ ಅಲೆ. ಜೊತೆಗೆ ಬೆಳಕಿನ ಪ್ರಮಾಣವೂ ಕುಸಿಯುತ್ತದೆ. ದಿಗಂತ ದಾಟುವ ಮುನ್ನ ಆಕೆಯಿಂದ ಹೊರಟ ಬೆಳಕಿನ ಕಣಗಳೇ ಎಣಿಕೆಯಷ್ಟು, ಹಾಗಾಗಿ ಕೊನೆಯದೊಂದು ಕಣ ಇದ್ದೇ ಇರುತ್ತದೆ. ಅದು ಬಂದುಹೋದ ಮೇಲೆ ನೋಡಲು ಏನೂ ಉಳಿಯದು. ಹತ್ತು ಸೂರ್ಯರ ಕುಳಿಯಲ್ಲಿ ಇಷ್ಟೂ ಆಗುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ.

ಬಿಂಬ ಇನ್ನೂ ಕಾಣುತ್ತಿದೆಯಲ್ಲ, ಹೋಗಿ ಎಳೆದು ತರಬಹುದೇ? ಆಗುವುದಿಲ್ಲ. ಒಂದು ಗಡುವು ಮೀರಿದ ಮೇಲೆ ಹೊರಗಿನಿಂದ ಕಳಿಸಿದ ಬೆಳಕೂ ಆಕೆಯನ್ನು ದಿಗಂತದ ಹೊರಗೆ ಹಿಡಿಯಲಾರದು. ಕಾಣುವುದು ಹಳೆಯ ಬೆಳಕು, ಆಕೆ ಎಂದೋ ಒಳಗೆ ಹೋಗಿದ್ದಾಳೆ. ಎರಡು ಗಡಿಯಾರಗಳು ಎರಡು ಲೆಕ್ಕ ಹೇಳುತ್ತವೆ, ಎರಡೂ ಸತ್ಯ. ಆದರೆ ಬಿದ್ದವಳಿಗೆ ಏನಾಯಿತು ಎಂಬ ಪ್ರಶ್ನೆಗೆ ಆಕೆಯ ಕೈಗಡಿಯಾರವೇ ಸಾಕ್ಷಿ. ಅದರ ಪ್ರಕಾರ ಆಕೆ ದಾಟಿದ್ದಾಳೆ.

ಬೀಳುವಾಕೆಗೆ ವಿಶ್ವದ ಇಡೀ ಭವಿಷ್ಯ ಕಣ್ಣೆದುರು ಓಡಿಹೋಗುವಂತೆ ಕಾಣುತ್ತದೆ ಎಂದು ಅನೇಕ ಕಡೆ ಬರೆಯುತ್ತಾರೆ. ಇದು ಶುದ್ಧ ತಪ್ಪು. ಅಂಥ ನೋಟ ಸಿಗಬೇಕಾದರೆ ದಿಗಂತದ ಹೊರಗೆ, ಅದಕ್ಕೆ ತಾಗಿದಂತೆ, ಅಪಾರ ಬಲದ ಎಂಜಿನ್ ಉರಿಸುತ್ತ ನಿಲ್ಲಬೇಕು. ತಾನಾಗಿ ಬೀಳುವವರ ಬೆನ್ನ ಹಿಂದಿನಿಂದ ಬರುವ ಬೆಳಕು ಅವರನ್ನು ಅಟ್ಟಿಸಿಕೊಂಡು ಬರಬೇಕಾಗುತ್ತದೆ. ದಿಗಂತ ದಾಟುವ ಕ್ಷಣದಲ್ಲಿ ಅದರ ತರಂಗಾಂತರ ಸರಿಯಾಗಿ ಎರಡು ಪಟ್ಟಾಗಿರುತ್ತದೆ. ಎಂದರೆ ಹಿಂದಿರುಗಿ ನೋಡಿದರೆ ಹೊರಗಿನ ಗಡಿಯಾರ ಓಡುತ್ತಿರುವುದಿಲ್ಲ, ಅರ್ಧ ವೇಗದಲ್ಲಿ ತೆವಳುತ್ತಿರುತ್ತದೆ.

ಸುತ್ತ ಕತ್ತಲು ಕವಿಯುತ್ತದೆ ಎಂಬುದೂ ನಿಜವಲ್ಲ. ಕುಳಿಯ ಕರಿ ನೆರಳು ಪಾದದ ಕೆಳಗೆ ದೊಡ್ಡದಾಗುತ್ತ ಬರುತ್ತದೆ, ಸರಿ. ಆದರೆ ದಿಗಂತ ದಾಟುವಾಗಲೂ ಅದರ ಹರವು ಸುಮಾರು 84 ಡಿಗ್ರಿ ಮಾತ್ರ. ಮುಂದಿನ ಅರ್ಧ ಆಕಾಶವನ್ನೂ ಅದು ಪೂರ್ತಿ ಮುಚ್ಚಿರುವುದಿಲ್ಲ. ನೆರಳಿನ ಅಂಚಿನಲ್ಲಿ ಬಾಗಿ ಬಂದ ನಕ್ಷತ್ರಗಳ ಬೆಳಕು ಒತ್ತಾಗಿ ಉಂಗುರ ಕಟ್ಟಿರುತ್ತದೆ. ಗೆರೆ ದಾಟಿದ್ದಕ್ಕೆ ಕಣ್ಣಿಗೂ ಮೈಗೂ ಯಾವ ಗುರುತೂ ಸಿಗುವುದಿಲ್ಲ. ಲೆಕ್ಕ ಹಾಕಿದರಷ್ಟೇ ಗೊತ್ತಾಗಬೇಕು.

ಕೊನೆ ಒಂದು ಜಾಗವಲ್ಲ

ಒಳಗೆ ಹೋದ ಮೇಲೆ ಸಿಂಗ್ಯುಲಾರಿಟಿ ಎಂಬ ಬಿಂದು ನಡುವೆ ಕಾದು ಕುಳಿತಿದೆ, ಅದರಿಂದ ದೂರ ಓಡಬೇಕು ಎಂದು ಯೋಚನೆ ಬರುವುದು ಸಹಜ. ಗಣಿತ ಹೇಳುವುದೇ ಬೇರೆ. ದಿಗಂತದೊಳಗೆ ಒಳಮುಖ ದಿಕ್ಕೇ ಕಾಲದ ದಿಕ್ಕಾಗಿ ತಿರುಗಿರುತ್ತದೆ. ಸಿಂಗ್ಯುಲಾರಿಟಿ ಆಗ ಮುಂದಿರುವ ಜಾಗವಲ್ಲ, ಮುಂಬರುವ ಕ್ಷಣ. ಎಡಕ್ಕೆ ತಿರುಗಿ ನಡೆದರೂ ಬಲಕ್ಕೆ ತಿರುಗಿ ಓಡಿದರೂ ನಾಳೆ ಎಂಬುದು ಹೇಗೆ ಬಂದೇ ಬರುತ್ತದೋ ಹಾಗೆ ಅದೂ ಬರುತ್ತದೆ. ಅದನ್ನು ನೋಡುವುದಕ್ಕೂ ಆಗುವುದಿಲ್ಲ, ಏಕೆಂದರೆ ಇನ್ನೂ ಆಗದ ಕ್ಷಣದಿಂದ ಬೆಳಕು ಬರುವುದಿಲ್ಲ.

ಎಂಜಿನ್ ಉರಿಸಿದರೆ ಏನಾದರೂ ಲಾಭವಿದೆಯೇ? ಕೊಸರಾಡಿದಷ್ಟೂ ಬೇಗ ಸಾಯುತ್ತೀರಿ ಎಂದು ಬಹುಕಾಲ ಹೇಳಿಕೊಂಡು ಬರಲಾಗಿತ್ತು. 2007ರಲ್ಲಿ ಸಿಡ್ನಿಯ ಜೆರೈಂಟ್ ಲೂಯಿಸ್ ಮತ್ತು ಜೂಲಿಯಾನಾ ಕ್ವಾನ್ ಈ ಮಾತನ್ನು ತಿದ್ದಿದರು. ಹದವರಿತು ಉರಿಸಿದರೆ ತುಸು ಹೆಚ್ಚು ಹೊತ್ತು ಗಿಟ್ಟುತ್ತದೆ, ಅತಿಯಾದರೆ ಇದ್ದದ್ದೂ ಹೋಗುತ್ತದೆ. ಗರಿಷ್ಠ ಮಿತಿ ಮಾತ್ರ ಯಾರಿಗೂ ಸಡಿಲವಾಗದು. ಸ್ಯಾಜಿಟೇರಿಯಸ್ ಎ-ಸ್ಟಾರ್‌ನಲ್ಲಿ ಅದು ಸುಮಾರು 66 ಸೆಕೆಂಡು.

ಸಿಂಗ್ಯುಲಾರಿಟಿ ತಪ್ಪಿಸಲಾಗದ್ದು ಎಂದು ಸಾಧಿಸಿದವರು ರೋಜರ್ ಪೆನ್ರೋಸ್, 1965ರಲ್ಲಿ. ಅವರ ವಾದದ ಬೆನ್ನೆಲುಬಾಗಿ ನಿಂತದ್ದು ಹತ್ತು ವರ್ಷ ಮೊದಲು, 1955ರಲ್ಲಿ ಭಾರತದ ಭೌತವಿಜ್ಞಾನಿ ಅಮಲ್ ಕುಮಾರ್ ರಾಯ್‌ಚೌಧುರಿ ಬರೆದ ಸಮೀಕರಣ. ಪೆನ್ರೋಸ್‌ಗೆ 2020ರ ನೊಬೆಲ್ ಬಂತು. ರಾಯ್‌ಚೌಧುರಿ ಅದನ್ನು ನೋಡಲು ಇರಲಿಲ್ಲ. ಅವರ ಹೆಸರು ಇನ್ನಷ್ಟು ಜನರ ಬಾಯಲ್ಲಿ ಇರಬೇಕಿತ್ತು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಇಲ್ಲಿಯವರೆಗಿನ ಅಂಕಿಗಳು ಸುತ್ತದ ಕುಳಿಯವು. ನಿಜವಾದ ಕುಳಿಗಳು ಗರಗರ ಸುತ್ತುತ್ತವೆ, ಸುತ್ತಲಿನ ಜಾಗವನ್ನೂ ಜೊತೆಗೆ ತಿರುಗಿಸುತ್ತವೆ. ಅವುಗಳ ಗಣಿತವನ್ನು 1963ರಲ್ಲಿ ರಾಯ್ ಕೆರ್ ಕೊಟ್ಟರು. ಅದರಲ್ಲಿ ಎರಡನೇ ಒಳದಿಗಂತವಿದೆ, ಅದರಾಚೆಗೆ ಇನ್ನೊಂದು ವಿಶ್ವಕ್ಕೆ ಹಾದಿ ಇರುವಂತೆಯೂ ತೋರುತ್ತದೆ. ಕಪ್ಪುಕುಳಿಯಲ್ಲಿ ಬಿದ್ದು ಬೇರೆಲ್ಲೋ ಎದ್ದುಬರುವ ಆಸೆ ಹುಟ್ಟಿದ್ದು ಇಲ್ಲಿಂದ. ಆದರೆ 1990ರಲ್ಲಿ ಎರಿಕ್ ಪಾಯ್ಸನ್ ಮತ್ತು ವರ್ನರ್ ಇಸ್ರೇಲ್ ತೋರಿಸಿದಂತೆ, ಹೊರಗಿನಿಂದ ಒಳಗೆ ಸುರಿಯುವ ಅಲ್ಪಸ್ವಲ್ಪ ಶಕ್ತಿಯೂ ಒಳದಿಗಂತದಲ್ಲಿ ಮಿತಿಯಿಲ್ಲದೆ ಉಬ್ಬಿ ಆ ಹಾದಿಯನ್ನು ಹಾಳುಗೆಡವುತ್ತದೆ. ಆ ಬಾಗಿಲಿನ ಮೇಲೆ ನಾನಂತೂ ಭರವಸೆ ಇಡಲಾರೆ.

ನಿಜವಾದ ಜಗಳ ಅಂಚಿನ ಬಗ್ಗೆ

ದೊಡ್ಡ ಕುಳಿಯ ಅಂಚು ದಾಟುವಾಗ ಏನೂ ಆಗುವುದಿಲ್ಲ ಎಂದು ಮೇಲೆ ನಿಸ್ಸಂಕೋಚವಾಗಿ ಬರೆದೆ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಅದು ಖಚಿತ. ಸೂಕ್ಷ್ಮ ಕಣಗಳ ನಡವಳಿಕೆಯನ್ನು ವಿವರಿಸುವ ಕ್ವಾಂಟಮ್ ಸಿದ್ಧಾಂತ ಇಲ್ಲೇ ತಕರಾರು ತೆಗೆಯುತ್ತದೆ.

1974ರಲ್ಲಿ ಸ್ಟೀಫನ್ ಹಾಕಿಂಗ್ ಕಪ್ಪುಕುಳಿಗಳು ಅತಿ ಸಣ್ಣ ಪ್ರಮಾಣದಲ್ಲಿ ವಿಕಿರಣ ಸೂಸಿ ನಿಧಾನವಾಗಿ ಆವಿಯಾಗುತ್ತವೆ ಎಂದು ತೋರಿಸಿದರು. ಹಾಗಿದ್ದರೆ ಒಳಗೆ ಬಿದ್ದದ್ದರ ವಿವರ, ಯಾವ ಕಣ ಎಲ್ಲಿ ಹೇಗಿತ್ತು ಎಂಬ ಮಾಹಿತಿ, ಎಲ್ಲಿಗೆ ಹೋಯಿತು? ಮಾಹಿತಿ ನಾಶವಾಗದು ಎಂಬುದು ಕ್ವಾಂಟಮ್ ಸಿದ್ಧಾಂತದ ಅಡಿಗಲ್ಲು. ಅದು ಉಳಿಯಬೇಕಾದರೆ, ಕುಳಿಯ ಮುಪ್ಪಿನಲ್ಲಿ ಹೊರಬರುವ ಕಣಗಳು ಮೊದಲೇ ಹೊರಬಂದವುಗಳೊಂದಿಗೆ ಹೆಣೆದುಕೊಂಡಿರಬೇಕು, ಅಂದರೆ ಒಂದರ ಸ್ಥಿತಿ ಇನ್ನೊಂದರ ಸ್ಥಿತಿಗೆ ಕಟ್ಟುಬಿದ್ದಿರಬೇಕು. ಅತ್ತ ದಿಗಂತ ನುಣುಪಾಗಿ, ಖಾಲಿಯಾಗಿ ಇರಬೇಕಾದರೆ ಅವೇ ಕಣಗಳು ದಿಗಂತದೊಳಗಿನ ತಮ್ಮ ಜೋಡಿಗಳೊಂದಿಗೆ ಪೂರ್ತಿ ಹೆಣೆದುಕೊಂಡಿರಬೇಕು. ಎರಡು ಕಡೆಗೂ ಪೂರ್ತಿ ಹೆಣಿಗೆಯನ್ನು ಕ್ವಾಂಟಮ್ ನಿಯಮ ಒಪ್ಪುವುದಿಲ್ಲ. 2012ರಲ್ಲಿ ಅಹ್ಮದ್ ಅಲ್‌ಮ್ಹೇರಿ, ಡೊನಾಲ್ಡ್ ಮಾರಾಲ್ಫ್, ಜೋಸೆಫ್ ಪೋಲ್ಚಿನ್‌ಸ್ಕಿ, ಜೇಮ್ಸ್ ಸಲ್ಲಿ ಈ ಇಕ್ಕಟ್ಟನ್ನು ಬಯಲಿಗಿಟ್ಟರು. ಒಳಗಿನ ಹೆಣಿಗೆ ಕಡಿದುಹೋದರೆ ದಿಗಂತದಲ್ಲಿ ಉರಿಯುವ ಶಕ್ತಿಯ ಗೋಡೆಯೇ ಎದ್ದು ನಿಲ್ಲುತ್ತದೆ, ಯಾತ್ರಿ ಅಲ್ಲೇ ಸುಟ್ಟುಹೋಗುತ್ತಾಳೆ ಎಂಬುದು ಅವರ ತರ್ಕ. ಫೈರ್‌ವಾಲ್ ಎಂದು ಅದಕ್ಕೆ ಹೆಸರು.

ಇದನ್ನು ಓದಿ ಇಂದಿನ ಕುಳಿಗಳ ಅಂಚಿನಲ್ಲೇ ಬೆಂಕಿ ಇದೆ ಎಂದುಕೊಳ್ಳಬೇಕಿಲ್ಲ. ಮೂಲ ವಾದ ಬಿಗಿಯಾಗಿ ಅನ್ವಯವಾಗುವುದು ಅರ್ಧಕ್ಕಿಂತ ಹೆಚ್ಚು ಆವಿಯಾದ ಹಳೆಯ ಕುಳಿಗಳಿಗೆ. ಒಂದೇ ಒಂದು ಸೂರ್ಯನ ತೂಕದ ಕುಳಿ ಆವಿಯಾಗಲು 1ರ ಮುಂದೆ 67 ಸೊನ್ನೆಗಳಷ್ಟು ವರ್ಷ ಬೇಕು. ವಿಶ್ವಕ್ಕೆ ಈಗ 1,380 ಕೋಟಿ ವರ್ಷವಷ್ಟೇ. ಇಂದಿನ ಕುಳಿಗಳು ಸೂಸುವುದಕ್ಕಿಂತ ಹೆಚ್ಚಿನದನ್ನು ವಿಶ್ವದ ಹಿನ್ನೆಲೆ ವಿಕಿರಣದಿಂದಲೇ ಹೀರಿಕೊಳ್ಳುತ್ತಿವೆ. 2019ರಿಂದೀಚೆಗೆ ಬಂದ ಲೆಕ್ಕಗಳು ಮಾಹಿತಿ ಹೊರಬರುತ್ತದೆ ಎಂಬ ಕಡೆಗೇ ವಾಲಿವೆ. ಆದರೂ ಈ ವಾದ ಮುಖ್ಯವಾಗುವುದು ಒಂದು ಕಾರಣಕ್ಕೆ: ಇಪ್ಪತ್ತನೇ ಶತಮಾನದ ಎರಡು ಮಹಾ ಸಿದ್ಧಾಂತಗಳು ನೇರವಾಗಿ ಕೈಮಿಲಾಯಿಸುವುದು ಬೀಳುವ ಮನುಷ್ಯರ ಮೈಮೇಲೆ. ಆಕೆಗೆ ಅಂಚಿನಲ್ಲಿ ಏನಾದರೂ ಅನ್ನಿಸುತ್ತದೆಯೇ ಎಂಬುದು ಮಕ್ಕಳ ಕುತೂಹಲವಲ್ಲ. ಹೌದು ಎಂದಾದರೆ ಐನ್‌ಸ್ಟೈನ್ ಅಲ್ಲಿ ಸೋಲುತ್ತಾರೆ.

ಒಳಗೆ ಹೋದವರು ಸುದ್ದಿ ಕಳಿಸಲಾರರು. ಆದರೆ ಅಂಚು ಹೇಗಿದೆ ಎಂದು ಹೊರಗಿನಿಂದ ತಟ್ಟಿ ನೋಡಲು ಒಂದು ದಾರಿಯಿದೆ. ಅದನ್ನು 1970ರಲ್ಲಿ ಕಂಡುಕೊಂಡವರು ನಮ್ಮವರೇ ಆದ ಸಿ.ವಿ. ವಿಶ್ವೇಶ್ವರ. ಕಪ್ಪುಕುಳಿಗೆ ಗುರುತ್ವ ಅಲೆಯೊಂದು (ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತ ಸಾಗುವ ಕಂಪನ) ಬಡಿದರೆ ಏನಾಗುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕಿದ ಅವರಿಗೆ, ಕುಳಿ ತನ್ನದೇ ಸ್ವರದಲ್ಲಿ ಮಿಡಿದು ಬೇಗ ಶಾಂತವಾಗುವುದು ಕಂಡಿತು. ಏನನ್ನು ನುಂಗಿತು ಎಂಬುದು ಆ ಸ್ವರದಲ್ಲಿ ಉಳಿಯುವುದಿಲ್ಲ. ಕುಳಿಯ ತೂಕ ಮತ್ತು ಸುತ್ತುವ ವೇಗಗಳೇ ಅದನ್ನು ನಿರ್ಧರಿಸುತ್ತವೆ. ನಮ್ಮ 70 ಕಿಲೋ ಯಾತ್ರಿ ಬಿದ್ದರೆ ದಿಗಂತದ ತ್ರಿಜ್ಯ ಪ್ರೋಟಾನಿನ ಗಾತ್ರದ ಸಾವಿರ ಕೋಟಿಯಲ್ಲೊಂದು ಭಾಗದಷ್ಟು ಹಿಗ್ಗುತ್ತದೆ. ಆ ಮಿಡಿತ ಯಾವ ಉಪಕರಣಕ್ಕೂ ಕೇಳಿಸದು. ಎರಡು ಕಪ್ಪುಕುಳಿಗಳು ಒಂದಕ್ಕೊಂದು ಬಿದ್ದರೆ ಕೇಳಿಸುತ್ತದೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯ ಹಿಡಿದ ಮೊದಲ ಗುರುತ್ವ ಅಲೆಯ ಬಾಲದಲ್ಲಿ ಆ ಮಿಡಿತದ ಸುಳಿವಿತ್ತು. 2025ರ ಜನವರಿ 14ರಂದು ಬಂದ ಅದೇ ಬಗೆಯ ಅಲೆ ಸುಮಾರು ಮೂರು ಪಟ್ಟು ಸ್ಪಷ್ಟವಾಗಿತ್ತು. ಕೂಡುವ ಮೊದಲು ಎರಡು ದಿಗಂತಗಳ ಒಟ್ಟು ವಿಸ್ತೀರ್ಣ ಸುಮಾರು 2.4 ಲಕ್ಷ ಚದರ ಕಿಲೋಮೀಟರ್, ಕೂಡಿದ ಮೇಲೆ ಸುಮಾರು 4 ಲಕ್ಷ. ದಿಗಂತದ ವಿಸ್ತೀರ್ಣ ಎಂದೂ ಕುಗ್ಗದು ಎಂದು ಹಾಕಿಂಗ್ 1971ರಲ್ಲಿ, ಆವಿಯಾಗುವಿಕೆಯನ್ನು ಕಾಣುವ ಮೊದಲು, ಹೇಳಿದ್ದಕ್ಕೆ ಇದು ಸರಿಹೊಂದಿತು. ಮಿಡಿತದ ಸ್ವರಗಳೂ ಕೆರ್ ಗಣಿತಕ್ಕೆ ತಾಳೆಯಾದವು.

ಅಂಚಿನಲ್ಲಿ ಗೋಡೆಯಂಥದೇನಾದರೂ ಇದ್ದರೆ ಒಳಗೆ ಹೋಗಬೇಕಾದ ಅಲೆಯ ಒಂದು ಪಾಲು ಅದಕ್ಕೆ ಬಡಿದು ಹಿಂದಿರುಗಬೇಕು. ಮುಖ್ಯ ಮಿಡಿತ ನಿಂತ ಮೇಲೆ ಪ್ರತಿಧ್ವನಿಗಳು ಒಂದರ ಹಿಂದೊಂದು ಕೇಳಿಬರಬೇಕು. ಸಂಶೋಧಕರು ಇದುವರೆಗಿನ ದತ್ತಾಂಶದಲ್ಲಿ ಅವನ್ನು ಹುಡುಕಿದ್ದಾರೆ. ನಂಬಬಹುದಾದ ಒಂದೂ ಪ್ರತಿಧ್ವನಿ ಈವರೆಗೆ ಸಿಕ್ಕಿಲ್ಲ.